ಬ್ಯಾಟ್‌ಮನ್ ಕಾಮಿಕ್ಸ್‌ನಲ್ಲಿ ಗಾಢ ಮತ್ತು ಲಘು ಧಾಟಿಗಳು

ಬ್ಯಾಟ್‌ಮನ್ ಕಾಮಿಕ್ಸ್‌ನಲ್ಲಿ ಗಾಢ ಮತ್ತು ಲಘು ಧಾಟಿಗಳು: 1939ರಿಂದ ಎಡೆಬಿಡದೆ ಪ್ರಕಟವಾಗುತ್ತಿರುವ ಅಮೆರಿಕದ ಸೂಪರ್‌ಹೀರೋ ಕಥಾಸರಣಿಯೊಂದರಲ್ಲಿ ಭೀತಿ, ಸಾವು, ಅಪರಾಧಗಳಿಗೆ ಒತ್ತು ಕೊಡುವ ನಿರೂಪಣೆಯೂ ವಿನೋದ, ಸಾಹಸ, ಅದ್ಭುತಗಳಿಗೆ ಒತ್ತು ಕೊಡುವ ನಿರೂಪಣೆಯೂ ಜೊತೆಜೊತೆಗೆ ಬೆಳೆದುಬಂದ ಬಗೆ. ಡಿಸಿ ಕಾಮಿಕ್ಸ್ ಪ್ರಕಟಿಸುವ ಈ ಸರಣಿಯ ನಾಯಕ ಬ್ರೂಸ್ ವೇನ್ ಬಾಲ್ಯದಲ್ಲೇ ತಂದೆತಾಯಿಯ ಕೊಲೆಯನ್ನು ಕಣ್ಣಾರೆ ಕಂಡವನು. ದೊಡ್ಡವನಾದ ಮೇಲೆ ಬಾವಲಿಯ ವೇಷ ತೊಟ್ಟು ಗಾಥಮ್ ನಗರದ ಪಾತಕಿಗಳ ಬೆನ್ನು ಹತ್ತುತ್ತಾನೆ. ಮಗುವಿನ ದುಃಖ, ವೇಷ ಕಟ್ಟುವ ಆಟ ಎರಡೂ ಕಥೆಯ ಬೀಜದಲ್ಲೇ ಇವೆ. ಯಾವುದಕ್ಕೆ ಎಷ್ಟು ಜಾಗ ಎಂಬುದನ್ನು ಲೇಖಕರು, ಚಿತ್ರಕಾರರು, ಸಂಪಾದಕರು ಕಾಲಕಾಲಕ್ಕೆ ಬೇರೆಬೇರೆಯಾಗಿ ತೀರ್ಮಾನಿಸಿದ್ದಾರೆ. ದೀರ್ಘಕಾಲ ನಡೆಯುವ ಸೂಪರ್‌ಹೀರೋ ಕಾಮಿಕ್ಸ್‌ನ ಧಾಟಿಯ ಪ್ರಶ್ನೆಯನ್ನು ಅಭ್ಯಸಿಸಲು ಇದಕ್ಕಿಂತ ಪೂರ್ಣವಾದ ಉದಾಹರಣೆ ಸಿಗುವುದು ಕಷ್ಟ.

ಪರಿಭಾಷೆ

ಕಥೆಯ ವಸ್ತುವಿನಿಂದ ಮಾತ್ರವಲ್ಲದೆ ಮಾತು, ಬಣ್ಣ, ರೇಖೆ, ಪುಟವಿನ್ಯಾಸಗಳಿಂದ ಓದುಗನಲ್ಲಿ ಮೂಡುವ ಒಟ್ಟು ಮನೋಭಾವವನ್ನು ಈ ಲೇಖನದಲ್ಲಿ ‘ಧಾಟಿ’ ಎಂದು ಕರೆಯಲಾಗಿದೆ. ಕೊಲೆಯ ಕಥೆ ಲಘು ಧಾಟಿಯಲ್ಲೂ ಮಕ್ಕಳ ಆಟಿಕೆಯ ಕಥೆ ಗಾಢ ಧಾಟಿಯಲ್ಲೂ ಬರಬಹುದು. ‘ನಿರಂತರತೆ’ ಎಂದರೆ ಒಂದು ಸಂಚಿಕೆಯಲ್ಲಿ ನಡೆದದ್ದು ಮುಂದಿನ ಎಲ್ಲ ಸಂಚಿಕೆಗಳಿಗೂ ಸತ್ಯವಾಗಿ ಉಳಿಯಬೇಕೆಂಬ ಕಟ್ಟುಪಾಡು. ‘ಕ್ಯಾಂಪ್’ ಎಂದರೆ ಅಸಂಬದ್ಧವಾದುದನ್ನು ಅತಿ ಗಂಭೀರವಾಗಿ ಆಡಿತೋರಿಸಿ ನಗೆ ಹುಟ್ಟಿಸುವ ಶೈಲಿ. ಅಮೆರಿಕದ ಕಾಮಿಕ್ಸ್‌ನಲ್ಲಿ ಮುಖಪುಟದ ಮೇಲಿನ ತಿಂಗಳು ಸಾಮಾನ್ಯವಾಗಿ ಮಾರಾಟದ ತಿಂಗಳಿಗಿಂತ ಮುಂದಿನದಾಗಿರುತ್ತದೆ. ಸಂಚಿಕೆಗಳ ತಿಂಗಳನ್ನು ಇಲ್ಲಿ ಮುಖಪುಟದಲ್ಲಿರುವಂತೆ ಕೊಡಲಾಗಿದೆ.

ಉಗಮ

ಬಾಬ್ ಕೇನ್ ಮತ್ತು ಬಿಲ್ ಫಿಂಗರ್ ರೂಪಿಸಿದ ಬ್ಯಾಟ್‌ಮನ್ ಮೊದಲು ಕಾಣಿಸಿಕೊಂಡದ್ದು ‘ಡಿಟೆಕ್ಟಿವ್ ಕಾಮಿಕ್ಸ್’ನ 27ನೇ ಸಂಚಿಕೆಯಲ್ಲಿ, 1939ರ ಮೇ ತಿಂಗಳಲ್ಲಿ. ಅಂದಿನ ಅಗ್ಗದ ಪತ್ತೇದಾರಿ ಪತ್ರಿಕೆಗಳ, ಅದರಲ್ಲೂ ‘ದಿ ಶ್ಯಾಡೋ’ ಕಥೆಗಳ ಪ್ರಭಾವ ಅದರಲ್ಲಿ ಎದ್ದು ಕಾಣುತ್ತದೆ. ಮೊದಲ ಕಥೆಯ ಕೊನೆಯಲ್ಲಿ ಬ್ಯಾಟ್‌ಮನ್‌ನ ಗುದ್ದು ತಿಂದ ಅಪರಾಧಿ ಆಮ್ಲದ ತೊಟ್ಟಿಗೆ ಬಿದ್ದು ಸಾಯುತ್ತಾನೆ. ನಾಯಕನಿಗೆ ಅದರಿಂದ ಬೇಸರವೇನೂ ಆಗುವುದಿಲ್ಲ. 32ನೇ ಸಂಚಿಕೆಯಲ್ಲಿ ಅವನು ರಕ್ತ ಹೀರುವ ಪಿಶಾಚಿಗಳನ್ನು ಬೆಳ್ಳಿಯ ಗುಂಡು ಹೊಡೆದು ಕೊಲ್ಲುತ್ತಾನೆ. ತಂದೆತಾಯಿಯ ಕೊಲೆಯ ಹಿನ್ನೆಲೆ ಓದುಗರಿಗೆ ತಿಳಿದದ್ದು 1939ರ ನವೆಂಬರ್‌ನ 33ನೇ ಸಂಚಿಕೆಯಲ್ಲಿ.

1940ರ ಏಪ್ರಿಲ್‌ನ 38ನೇ ಸಂಚಿಕೆಯಲ್ಲಿ ಸರ್ಕಸ್ ಕುಟುಂಬದ ಹುಡುಗ ಡಿಕ್ ಗ್ರೇಸನ್ ‘ರಾಬಿನ್’ ಆಗಿ ಬಂದ. ಒಂಟಿ ನಾಯಕ ತನ್ನಷ್ಟಕ್ಕೇ ಯೋಚಿಸುತ್ತ ಕೂತರೆ ಕಥೆ ಸಾಗದು, ಶೆರ್ಲಾಕ್ ಹೋಮ್ಸ್‌ಗೆ ವಾಟ್ಸನ್ ಇದ್ದಂತೆ ಇವನಿಗೂ ಮಾತಿಗೊಬ್ಬ ಬೇಕು ಎಂಬುದು ಫಿಂಗರ್ ಅವರ ಲೆಕ್ಕಾಚಾರವಾಗಿತ್ತು. ಕೆಂಪು, ಹಸಿರು, ಹಳದಿ ಉಡುಪಿನ ಹುಡುಗ ಪಕ್ಕಕ್ಕೆ ಬಂದೊಡನೆ ಬ್ಯಾಟ್‌ಮನ್ ನಗತೊಡಗಿದ, ಹೊಡೆದಾಟದ ನಡುವೆ ಚಟಾಕಿ ಹಾರಿಸತೊಡಗಿದ. ಬ್ಯಾಟ್‌ಮನ್ ಮೂಲತಃ ಗಾಢ ಧಾಟಿಯವನು, ಲಘುತ್ವ ಆಮೇಲೆ ಬಂದ ಕಲಬೆರಕೆ ಎಂಬ ಮಾತು ವ್ಯಾಪಕವಾಗಿದೆ. ಆದರೆ ರಾಬಿನ್ ಇಲ್ಲದ ಆ ಮೂಲಾವಸ್ಥೆ ನಡೆದದ್ದು ಹನ್ನೊಂದೇ ಸಂಚಿಕೆಗಳಲ್ಲಿ.

1940ರ ವಸಂತದಲ್ಲಿ ಹೊರಬಂದ ‘ಬ್ಯಾಟ್‌ಮನ್’ ಪತ್ರಿಕೆಯ ಮೊದಲ ಸಂಚಿಕೆ ಎರಡು ಕಾರಣಗಳಿಗೆ ಮುಖ್ಯ. ಜೋಕರ್ ಎಂಬ ಖಳ ಬಂದದ್ದು ಅದರಲ್ಲಿ. ವಿಷವಿಕ್ಕಿ ಕೊಂದು ಹೆಣಗಳ ಮುಖದಲ್ಲಿ ನಗೆ ಉಳಿಸುವ ಈತ ಅದೇ ಸಂಚಿಕೆಯ ಇನ್ನೊಂದು ಕಥೆಯಲ್ಲಿ ಸಾಯಬೇಕಿತ್ತು; ಸಂಪಾದಕ ವಿಟ್ನಿ ಎಲ್ಸ್‌ವರ್ತ್ ಅವನನ್ನು ಉಳಿಸಿಕೊಳ್ಳಲು ಹೇಳಿದ್ದರಿಂದ, ಅವನಿನ್ನೂ ಬದುಕಿದ್ದಾನೆ ಎಂದು ತೋರಿಸುವ ಚೌಕವೊಂದನ್ನು ಕೊನೆಗೆ ಸೇರಿಸಲಾಯಿತು. ಇನ್ನೊಂದು ಕಥೆಯಲ್ಲಿ ಬ್ಯಾಟ್‌ಮನ್ ವಿಮಾನದ ಮಷಿನ್‌ಗನ್‌ನಿಂದ ವೈರಿಗಳನ್ನು ಹೊಡೆದುರುಳಿಸುತ್ತಾನೆ. ಇನ್ನು ಮುಂದೆ ನಾಯಕ ಬಂದೂಕು ಹಿಡಿಯಕೂಡದು, ಕೊಲ್ಲಕೂಡದು ಎಂದು ಎಲ್ಸ್‌ವರ್ತ್ ಕಟ್ಟಪ್ಪಣೆ ಮಾಡಿದ್ದು ಇದರ ನಂತರ. ಬ್ಯಾಟ್‌ಮನ್‌ನ ವ್ಯಕ್ತಿತ್ವದ ತಿರುಳೆಂದು ಇಂದು ಪರಿಗಣಿತವಾದ ಕೊಲ್ಲದ ವ್ರತ ಹುಟ್ಟಿದ್ದು ಹೀಗೆ, ಪತ್ರಿಕಾ ಕಚೇರಿಯ ಮೇಜಿನ ಮೇಲೆ.

ಸಂಹಿತೆಯ ಕಾಲ

1940ರ ದಶಕದ ನಡುವಿನಿಂದ ಡಿಕ್ ಸ್ಪ್ರಾಂಗ್ ಅವರ ಚಿತ್ರಗಳು ಸರಣಿಗೆ ಒಂದು ಹಬ್ಬದ ಕಳೆ ತಂದವು: ಚೌಕ ಗದ್ದದ ನಾಯಕ, ದೈತ್ಯಾಕಾರದ ಟೈಪ್‌ರೈಟರ್, ನಾಣ್ಯ, ಪಿಯಾನೋಗಳ ಮೇಲೆ ಹೊಡೆದಾಟ. 1954ರಲ್ಲಿ ಮನೋವೈದ್ಯ ಫ್ರೆಡ್ರಿಕ್ ವರ್ಥಮ್ ಅವರ ‘ಸೆಡಕ್ಷನ್ ಆಫ್ ದಿ ಇನೊಸೆಂಟ್’ ಕಾಮಿಕ್ಸ್ ಮಕ್ಕಳನ್ನು ಕೆಡಿಸುತ್ತವೆ ಎಂದು ವಾದಿಸಿತು; ಅಮೆರಿಕದ ಸೆನೆಟ್ ಉಪಸಮಿತಿ ವಿಚಾರಣೆ ನಡೆಸಿತು. ಸರ್ಕಾರ ಕೈ ಹಾಕುವ ಮೊದಲೇ ಪ್ರಕಾಶಕರು ಒಟ್ಟಾಗಿ ‘ಕಾಮಿಕ್ಸ್ ಕೋಡ್’ ಎಂಬ ಸಂಹಿತೆಯನ್ನು ತಾವೇ ರಚಿಸಿಕೊಂಡರು. ಅದರ ಪ್ರಕಾರ ಒಳ್ಳೆಯದು ಪ್ರತಿಸಲವೂ ಗೆಲ್ಲಬೇಕು, ಅಪರಾಧಿಯ ಮೇಲೆ ಓದುಗರಿಗೆ ಸಹಾನುಭೂತಿ ಹುಟ್ಟಬಾರದು, ಭೀಕರ ದೃಶ್ಯಗಳು ಇರಬಾರದು.

ಸಂಹಿತೆಯ ಮುದ್ರೆ ಇಲ್ಲದ ಪತ್ರಿಕೆಯನ್ನು ಸಾಮಾನ್ಯ ಅಂಗಡಿಗಳಲ್ಲಿ ಮಾರುವುದು ಕಷ್ಟವಾಗಿದ್ದರಿಂದ ಗಾಢ ಧಾಟಿಗೆ ದಾರಿ ಮುಚ್ಚಿತು. ಸಂಪಾದಕ ಜ್ಯಾಕ್ ಷಿಫ್ ಅವರ ಅವಧಿಯಲ್ಲಿ ಬ್ಯಾಟ್‌ಮನ್ ಬೇರೆ ಗ್ರಹಗಳಿಗೆ ಹೋದ, ಕುಬ್ಜನಾದ, ಪಟ್ಟೆ ಪಟ್ಟೆಯಾದ. ಮುಖವಾಡ ತೊಟ್ಟ ನಾಯಿ ‘ಏಸ್’ (1955), ಬೇರೆ ಆಯಾಮದಿಂದ ಬಂದ ಕುಚೇಷ್ಟೆಯ ಕುಳ್ಳ ‘ಬ್ಯಾಟ್-ಮೈಟ್’ (1959) ಈ ಕಾಲದ ಸೃಷ್ಟಿಗಳು. 1957ರ ಕಥೆಯೊಂದರಲ್ಲಿ ಬ್ಯಾಟ್‌ಮನ್ ದಿನಕ್ಕೊಂದು ಬಣ್ಣದ ಉಡುಪು ತೊಡುತ್ತಾನೆ. ರಾಬಿನ್‌ನ ಗಾಯಗೊಂಡ ತೋಳಿನ ಕಡೆಗೆ ಯಾರ ಗಮನವೂ ಹೋಗದಿರಲಿ, ಅವನ ಗುಟ್ಟು ಬಯಲಾಗದಿರಲಿ ಎಂಬುದು ಅದರ ಉದ್ದೇಶ. ಈ ಕಥೆಗಳನ್ನು ಬಹುಕಾಲ ಸರಣಿಯ ಅವಮಾನವೆಂದೇ ಎಣಿಸಲಾಗಿತ್ತು. ಅವುಗಳ ಕಲ್ಪನೆ ಎಷ್ಟು ಹುರುಪಿನದೆಂಬುದು ಬಹಳ ತಡವಾಗಿ ಗಮನಕ್ಕೆ ಬಂತು.

ಮಾರಾಟ ಕುಸಿದಾಗ 1964ರ ಮೇ ಸಂಚಿಕೆಯಿಂದ ಜೂಲಿಯಸ್ ಷ್ವಾರ್ಟ್ಜ್ ಸಂಪಾದಕರಾದರು. ಕಾರ್ಮೈನ್ ಇನ್ಫಂಟೀನೋ ಅವರ ಚಿತ್ರಗಳೊಂದಿಗೆ ನಾಯಿಯೂ ಅನ್ಯಗ್ರಹಗಳೂ ಮರೆಯಾದವು, ಎದೆಯ ಬಾವಲಿ ಚಿಹ್ನೆಯ ಸುತ್ತ ಹಳದಿ ದೀರ್ಘವೃತ್ತ ಬಂತು. ಸರಣಿ ಪತ್ತೇದಾರಿಕೆಯ ಕಡೆಗೆ ವಾಲುತ್ತಿರುವಾಗಲೇ 1966ರ ಜನವರಿ 12ರಂದು ಎಬಿಸಿ ವಾಹಿನಿಯಲ್ಲಿ ಆಡಂ ವೆಸ್ಟ್ ಅಭಿನಯದ ‘ಬ್ಯಾಟ್‌ಮನ್’ ಧಾರಾವಾಹಿ ಆರಂಭವಾಯಿತು. ಗುದ್ದಿನ ಸದ್ದುಗಳು ಬಣ್ಣಬಣ್ಣದ ಅಕ್ಷರಗಳಾಗಿ ಪರದೆ ತುಂಬುತ್ತಿದ್ದವು. ವೆಸ್ಟ್ ಎಂಥ ಹಾಸ್ಯಾಸ್ಪದ ಮಾತನ್ನೂ ಮುಖದ ಗೆರೆ ಸಡಿಲಿಸದೆ ಆಡುತ್ತಿದ್ದರು. 120 ಕಂತುಗಳ ಈ ಧಾರಾವಾಹಿಯಿಂದ ಕಾಮಿಕ್ಸ್ ಮತ್ತೆ ಕ್ಯಾಂಪ್ ಕಡೆಗೆ ಹೊರಳಿತು. 1964ರಲ್ಲಿ ಕೊಂದುಹಾಕಿದ್ದ ಬಟ್ಲರ್ ಆಲ್‌ಫ್ರೆಡ್‌ನನ್ನು ಧಾರಾವಾಹಿಗಾಗಿ ಮತ್ತೆ ಬದುಕಿಸಬೇಕಾಯಿತು. 1968ರ ಮಾರ್ಚ್‌ನಲ್ಲಿ ಧಾರಾವಾಹಿ ಮುಗಿದಾಗ ಕಾಮಿಕ್ಸ್‌ನ ಮಾರಾಟವೂ ಅದರೊಂದಿಗೆ ಇಳಿಯಿತು.

ರಾತ್ರಿಗೆ ಮರಳಿದ್ದು

ಗಾಢ ಧಾಟಿ ಮರಳಿದ್ದು ಮೊದಲು ಚಿತ್ರಕಾರನ ಕೈಯಿಂದ. ‘ದಿ ಬ್ರೇವ್ ಆ್ಯಂಡ್ ದಿ ಬೋಲ್ಡ್’ ಪತ್ರಿಕೆಗೆ ಬಾಬ್ ಹೇನಿ ಬರೆದ ಕಥೆಗಳಲ್ಲಿ ಹಗಲಿನಲ್ಲಿ ನಡೆಯುವ ದೃಶ್ಯಗಳನ್ನು 1968ರಿಂದ ನೀಲ್ ಆಡಮ್ಸ್ ರಾತ್ರಿಗೆ ಬದಲಿಸಿ ಬರೆಯತೊಡಗಿದರು. ಮಾತು, ಕಥೆ ಹಾಗೆಯೇ ಉಳಿದವು. ಹೊತ್ತು ಬದಲಾದದ್ದರಿಂದಲೇ ಬ್ಯಾಟ್‌ಮನ್ ಬೇರೆಯಾದ. 1969ರ ಡಿಸೆಂಬರ್‌ನಲ್ಲಿ ಡಿಕ್ ಗ್ರೇಸನ್‌ನನ್ನು ಕಾಲೇಜಿಗೆ ಕಳಿಸಿ ನಾಯಕನನ್ನು ಒಂಟಿಯಾಗಿಸಲಾಯಿತು. 1970ರ ಜನವರಿಯಿಂದ ಡೆನಿಸ್ ಓನೀಲ್ ಅವರ ಬರವಣಿಗೆಯೂ ಆಡಮ್ಸ್ ಅವರ ಚಿತ್ರವೂ ಜೊತೆಗೂಡಿದವು.

ಆದರೂ ಈ ಅವಧಿಯಲ್ಲಿ ಹಾಸ್ಯ ಮರೆಯಾಗಲಿಲ್ಲ. ಅದು ಖಳನ ಪಾಲಾಯಿತು. 1973ರ ಸೆಪ್ಟೆಂಬರ್‌ನ ‘ಬ್ಯಾಟ್‌ಮನ್’ 251ರಲ್ಲಿ ಓನೀಲ್ ಮತ್ತು ಆಡಮ್ಸ್ ಜೋಕರ್‌ನನ್ನು ಮತ್ತೆ ಕೊಲೆಗಾರನನ್ನಾಗಿ ಮಾಡಿದರು. ತನಗೆ ದ್ರೋಹ ಮಾಡಿದ ಬಂಟನನ್ನು ಹುಡುಕುತ್ತ ಅವನು ಹಳೆಯ ಸಹಚರರನ್ನು ಒಬ್ಬೊಬ್ಬರನ್ನಾಗಿ ಮುಗಿಸುತ್ತಾನೆ. ಅಷ್ಟು ಕ್ರೂರಿಯಾದವನು ಕೊನೆಗೆ ಸಿಕ್ಕಿಬೀಳುವುದು ಸಮುದ್ರತೀರದ ಎಣ್ಣೆಯ ಜಿಡ್ಡಿನಲ್ಲಿ ಕಾಲು ಜಾರಿ. ಸರ್ಕಸ್ ಕೋಡಂಗಿಗೆ ತಕ್ಕ ಪತನವದು.

ಎರಡು ಧಾಟಿಗಳನ್ನು ಪ್ರತ್ಯೇಕಿಸಲಾಗದಂತೆ ಹೆಣೆದ ಕೃತಿ ಸ್ಟೀವ್ ಎಂಗಲ್‌ಹಾರ್ಟ್ ಬರೆದು ಮಾರ್ಷಲ್ ರಾಜರ್ಸ್ ಚಿತ್ರ ಬರೆದ ‘ದಿ ಲಾಫಿಂಗ್ ಫಿಶ್’ (‘ಡಿಟೆಕ್ಟಿವ್ ಕಾಮಿಕ್ಸ್’ 475–476, 1978). ಜೋಕರ್ ಸಮುದ್ರಕ್ಕೆ ರಾಸಾಯನಿಕ ಬೆರೆಸುತ್ತಾನೆ. ಬಲೆಗೆ ಬಿದ್ದ ಮೀನುಗಳೆಲ್ಲ ಅವನಂತೆಯೇ ಹಲ್ಲು ಕಿರಿಯುತ್ತವೆ. ಮುಖ ನನ್ನದು, ಆದ್ದರಿಂದ ಮಾರಾಟವಾಗುವ ಪ್ರತಿ ಮೀನಿನಲ್ಲೂ ನನಗೆ ಪಾಲು ಬೇಕು ಎಂದು ಅವನು ಕೃತಿಸ್ವಾಮ್ಯದ ಕಚೇರಿಗೆ ಹೋಗುತ್ತಾನೆ. ಮೀನು ನೈಸರ್ಗಿಕ ಸಂಪತ್ತು, ಅದಕ್ಕೆ ಕೃತಿಸ್ವಾಮ್ಯ ಕೊಡಲು ಬರುವುದಿಲ್ಲ ಎಂದು ಗುಮಾಸ್ತ ನಿಯಮ ಹೇಳುತ್ತಾನೆ. ನಿಯಮ ಹೇಳಿದ್ದಕ್ಕೆ ಅವನ ಜೀವ ಹೋಗುತ್ತದೆ. ಸರ್ಕಾರಿ ಕಚೇರಿಯ ಪ್ರಹಸನವೂ ಸಕಾರಣವಿಲ್ಲದ ಕೊಲೆಯೂ ಇಲ್ಲಿ ಒಂದೇ ಘಟನೆ. ನಗು ಮತ್ತು ಭಯ ಒಂದರ ನಂತರ ಒಂದು ಬರದೆ ಒಟ್ಟಿಗೇ ಬರುತ್ತವೆ.

1986 ಮತ್ತು ನಂತರ

1971ರಲ್ಲಿ ಸಂಹಿತೆ ಸಡಿಲಗೊಂಡಿತ್ತು. ಕಾಮಿಕ್ಸ್‌ಗೇ ಮೀಸಲಾದ ಅಂಗಡಿಗಳ ಜಾಲ ಬೆಳೆದು, ಮುದ್ರೆ ಇಲ್ಲದ ಪುಸ್ತಕಗಳನ್ನು ವಯಸ್ಕ ಓದುಗರಿಗೆ ನೇರವಾಗಿ ಮಾರುವುದು ಸಾಧ್ಯವಾಗಿತ್ತು. ಈ ಹಿನ್ನೆಲೆಯಲ್ಲಿ 1986ರಲ್ಲಿ ಫ್ರಾಂಕ್ ಮಿಲ್ಲರ್ ಅವರ ‘ದಿ ಡಾರ್ಕ್ ನೈಟ್ ರಿಟರ್ನ್ಸ್’ ನಾಲ್ಕು ಭಾಗಗಳಲ್ಲಿ ಬಂತು: ವಯಸ್ಸಾದ, ನಿವೃತ್ತನಾಗಿದ್ದ ಬ್ಯಾಟ್‌ಮನ್ ಕೊಳೆಯುತ್ತಿರುವ ನಗರಕ್ಕೆ ಮರಳುತ್ತಾನೆ. ಅದೇ ವರ್ಷ ಆರಂಭವಾದ ಅಲನ್ ಮೂರ್ ಮತ್ತು ಡೇವ್ ಗಿಬ್ಬನ್ಸ್ ಅವರ ‘ವಾಚ್‌ಮೆನ್’ ಬ್ಯಾಟ್‌ಮನ್ ಕಥೆಯಲ್ಲದಿದ್ದರೂ ಇಡೀ ಕ್ಷೇತ್ರದ ಧಾಟಿಯನ್ನು ಬದಲಿಸಿತು. ಮಿಲ್ಲರ್ ಮತ್ತು ಡೇವಿಡ್ ಮಾಝುಕೆಲ್ಲಿ ಅವರ ‘ಇಯರ್ ಒನ್’ (1987), ಮೂರ್ ಮತ್ತು ಬ್ರಯನ್ ಬೋಲಂಡ್ ಅವರ ‘ದಿ ಕಿಲ್ಲಿಂಗ್ ಜೋಕ್’ (1988) ಇದರ ಬೆನ್ನಿಗೇ ಬಂದವು. ‘ಡಾರ್ಕ್ ನೈಟ್ ರಿಟರ್ನ್ಸ್’ನಲ್ಲಿ ದೂರದರ್ಶನದ ಚರ್ಚೆಗಳನ್ನು ಕುಟುಕುವ ವಿಡಂಬನೆ ಧಾರಾಳವಾಗಿದೆ; ಅನುಕರಿಸಿದವರು ಅದನ್ನು ಬಿಟ್ಟು ಮಳೆ, ರಕ್ತಗಳನ್ನು ಮಾತ್ರ ಎತ್ತಿಕೊಂಡರು.

ಎರಡನೆಯ ರಾಬಿನ್ ಜೇಸನ್ ಟಾಡ್ ಬದುಕಬೇಕೇ ಸಾಯಬೇಕೇ ಎಂಬುದನ್ನು 1988ರಲ್ಲಿ ಓದುಗರ ದೂರವಾಣಿ ಮತಕ್ಕೆ ಬಿಡಲಾಯಿತು. ಸಾವಿನ ಪರ 5,343, ಬದುಕಿನ ಪರ 5,271 ಕರೆಗಳು ಬಂದವು. 72 ಕರೆಗಳ ಅಂತರದಲ್ಲಿ, ಸರಣಿಗೆ ಲಘುತ್ವ ತರಲೆಂದೇ ಹುಟ್ಟಿದ ಪಾತ್ರ ಅದರ ಅತ್ಯಂತ ಗಾಢ ನೆನಪಾಯಿತು. 1993ರಲ್ಲಿ ಬೇನ್ ಎಂಬ ಖಳ ಬ್ಯಾಟ್‌ಮನ್‌ನ ಬೆನ್ನುಮೂಳೆ ಮುರಿದಾಗ ಜೀನ್-ಪಾಲ್ ವ್ಯಾಲಿ ಎಂಬ ಉಗ್ರ ಸ್ವಭಾವದವನು ಆ ವೇಷ ತೊಟ್ಟ. ಆಗ ಸಂಪಾದಕರಾಗಿದ್ದವರು ಓನೀಲ್. ನಾಯಕ ಇನ್ನಷ್ಟು ನಿರ್ದಯನಾಗಬೇಕೆಂಬ ಬೇಡಿಕೆಯನ್ನು ಕಥೆಯೊಳಗೇ ಪರೀಕ್ಷಿಸಿ ತಿರಸ್ಕರಿಸಿದ ಪ್ರಸಂಗವಿದು.

ಸಮತೋಲನದ ವಿಧಾನಗಳು

ಒಂದೇ ಕಥೆಯಲ್ಲಿ ಎರಡು ಧಾಟಿಗಳನ್ನು ಸಮಪಾಲಾಗಿ ಬೆರೆಸಿದ ಉದಾಹರಣೆಗಳು ಈ ಸರಣಿಯಲ್ಲಿ ವಿರಳ. ಹೆಚ್ಚಾಗಿ ನಡೆದಿರುವುದು ಹಂಚಿಕೆ: ಪಾತ್ರಗಳ ನಡುವೆ, ಪತ್ರಿಕೆಗಳ ನಡುವೆ, ಕಾಲಘಟ್ಟಗಳ ನಡುವೆ.

ಪಾತ್ರಗಳ ನಡುವಿನ ಹಂಚಿಕೆಯಲ್ಲಿ ರಾಬಿನ್‌ನದೇ ಮುಖ್ಯ ಪಾತ್ರ. ಇದರ ನಿಯಮ ಎಷ್ಟು ಗಟ್ಟಿಯೆಂಬುದು ಅದನ್ನು ತಲೆಕೆಳಗು ಮಾಡಿದಾಗ ತಿಳಿಯಿತು. 2009ರಲ್ಲಿ ಗ್ರಾಂಟ್ ಮಾರಿಸನ್ ಮತ್ತು ಫ್ರಾಂಕ್ ಕ್ವೈಟ್ಲಿ ಆರಂಭಿಸಿದ ‘ಬ್ಯಾಟ್‌ಮನ್ ಆ್ಯಂಡ್ ರಾಬಿನ್’ನಲ್ಲಿ ಹಸನ್ಮುಖಿ ಡಿಕ್ ಗ್ರೇಸನ್ ಬ್ಯಾಟ್‌ಮನ್ ಆಗಿದ್ದಾನೆ, ಬ್ರೂಸ್‌ನ ಮಗ, ಕೊಲೆಗಾರರ ನಡುವೆ ಬೆಳೆದ ಸಿಡುಕ ಡೇಮಿಯನ್ ರಾಬಿನ್. ಜೋಡಿ ಕೆಲಸ ಮಾಡಲು ಇಬ್ಬರಲ್ಲೊಬ್ಬ ಹಗುರವಾಗಿದ್ದರೆ ಸಾಕು. ಅವನು ಯಾರೆಂಬುದು ಮುಖ್ಯವಲ್ಲ. ಬಟ್ಲರ್ ಆಲ್‌ಫ್ರೆಡ್‌ನ ಒಣ ವ್ಯಂಗ್ಯವೂ ಇದೇ ಕೆಲಸ ಮಾಡುತ್ತದೆ.

ಹಾರ್ಲೀ ಕ್ವಿನ್‌ಳದು ಇನ್ನೊಂದು ಮಾದರಿ. ಪಾಲ್ ಡೀನಿ ಮತ್ತು ಬ್ರೂಸ್ ಟಿಮ್ 1992ರಲ್ಲಿ ದೂರದರ್ಶನದ ಆ್ಯನಿಮೇಷನ್ ಸರಣಿಗಾಗಿ ಜೋಕರ್‌ನ ನಗೆಗಾತಿ ಸಹಾಯಕಿಯಾಗಿ ಇವಳನ್ನು ಸೃಷ್ಟಿಸಿದರು. ಅವರೇ 1994ರಲ್ಲಿ ತಂದ ‘ಮ್ಯಾಡ್ ಲವ್’ ಕಾಮಿಕ್ಸ್‌ನಲ್ಲಿ ಆ ನಗೆಯ ಹಿಂದಿರುವುದು ಹೊಡೆತ ತಿಂದೂ ಬಿಟ್ಟುಬರಲಾಗದ ಹೆಣ್ಣಿನ ಕಥೆಯೆಂದು ತಿಳಿಯುತ್ತದೆ. ಮಕ್ಕಳ ಆ್ಯನಿಮೇಷನ್‌ನ ದುಂಡು ರೇಖೆಗಳನ್ನು ಬದಲಿಸದೆಯೇ ಟಿಮ್ ಇದನ್ನು ಚಿತ್ರಿಸಿದ್ದಾರೆ. ಆಮೇಲೆ, 2013ರಿಂದ ಅಮಾಂಡಾ ಕಾನರ್ ಮತ್ತು ಜಿಮ್ಮಿ ಪಾಲ್ಮಿಯಾಟಿ ಬರೆದ ಸ್ವತಂತ್ರ ಪತ್ರಿಕೆಯಲ್ಲಿ ಅವಳು ಮತ್ತೆ ಹಾಸ್ಯದ ನಾಯಕಿ.

ಪತ್ರಿಕೆಗಳ ನಡುವಿನ ಹಂಚಿಕೆ ವ್ಯಾಪಾರದ ದೃಷ್ಟಿಯಿಂದ ಸುಲಭವಾದದ್ದು. ಮಕ್ಕಳೂ ಓದಬಹುದಾದ ‘ದಿ ಬ್ಯಾಟ್‌ಮನ್ ಅಡ್ವೆಂಚರ್ಸ್’ 1992ರಲ್ಲಿ, ನಗರದ ಸಾಮಾನ್ಯ ಪೊಲೀಸರ ಕಣ್ಣಿನಿಂದ ಕಂಡ ‘ಗಾಥಮ್ ಸೆಂಟ್ರಲ್’ 2003ರಲ್ಲಿ ಆರಂಭವಾದವು. 1966ರ ಧಾರಾವಾಹಿಯ ಲೋಕವನ್ನೇ ಮುಂದುವರಿಸಿದ ‘ಬ್ಯಾಟ್‌ಮನ್ ’66’ 2013ರಲ್ಲಿ ಬಂತು. ಒಂದು ಕಾಲಕ್ಕೆ ಮರೆಯಬೇಕೆಂದಿದ್ದ ಕ್ಯಾಂಪ್ ಈಗ ಪ್ರೀತಿಯ ವಸ್ತುವಾಗಿತ್ತು.

ಕಾಲಘಟ್ಟಗಳ ನಡುವಿನದು ಹೆಚ್ಚು ಸಂಕೀರ್ಣ. ನಿರಂತರತೆಯ ಕಟ್ಟುಪಾಡಿನಿಂದಾಗಿ, ಬಣ್ಣದ ಉಡುಪಿನ ಬ್ಯಾಟ್‌ಮನ್‌ನೂ ಬೆನ್ನು ಮುರಿದ ಬ್ಯಾಟ್‌ಮನ್‌ನೂ ಒಬ್ಬನೇ ಮನುಷ್ಯ ಎಂದು ಒಪ್ಪಬೇಕು, ಇಲ್ಲವೇ ಅರ್ಧ ಚರಿತ್ರೆಯನ್ನು ಅಳಿಸಬೇಕು. 1986ರ ನಂತರದ ಸಂಪಾದಕರು ಬಹುಮಟ್ಟಿಗೆ ಅಳಿಸುವ ದಾರಿ ಹಿಡಿದರು. 2006ರಲ್ಲಿ ‘ಬ್ಯಾಟ್‌ಮನ್’ ಬರೆಯಲು ಬಂದ ಮಾರಿಸನ್ ಎಲ್ಲವೂ ನಡೆದಿದೆ ಎಂಬ ನಿಲುವು ತಳೆದರು. 1950ರ ದಶಕದ ಅನ್ಯಗ್ರಹ ಕಥೆಗಳೆಲ್ಲ ಬ್ರೂಸ್ ವೇನ್ ಬರೆದಿಟ್ಟ ಕಪ್ಪು ದಿನಚರಿಯ ಪುಟಗಳಾದವು: ಕೆಲವು ವಿಷಾನಿಲದಿಂದ, ಕೆಲವು ಏಕಾಂತದ ಪ್ರಯೋಗದಿಂದ ಹುಟ್ಟಿದ ಭ್ರಮೆಗಳಿರಬಹುದು. 1958ರ ಕಥೆಯೊಂದರ ‘ಝರ್-ಎನ್-ಆರ್’ ಗ್ರಹದ ಕೆಂಪು, ಹಳದಿ, ನೇರಳೆ ಬಣ್ಣದ ಬ್ಯಾಟ್‌ಮನ್, 2008ರ ‘ಬ್ಯಾಟ್‌ಮನ್ ಆರ್.ಐ.ಪಿ.’ಯಲ್ಲಿ ಮನಸ್ಸು ಮುರಿದಾಗ ಬಳಸಲೆಂದು ಬ್ರೂಸ್ ಕಾದಿರಿಸಿಕೊಂಡ ಇನ್ನೊಂದು ವ್ಯಕ್ತಿತ್ವ. ಉಡುಪಿನ ಬಣ್ಣ ಅದೇ. ಚಿಂದಿ ಬಟ್ಟೆಯಿಂದ ಹೊಲಿದದ್ದರಿಂದ ಅದೀಗ ಹೆದರಿಸುತ್ತದೆ.

ಟಾಮ್ ಕಿಂಗ್ ಇದೇ ಹಾದಿಯಲ್ಲಿ 1960ರಲ್ಲಿ ಹುಟ್ಟಿದ, ಗಾಳಿಪಟಕ್ಕೆ ಜೋತು ಹಾರುವ ‘ಕೈಟ್ ಮ್ಯಾನ್’ ಎಂಬ ಪೆದ್ದು ಖಳನನ್ನು ಎತ್ತಿಕೊಂಡರು. 2017ರ ಅವರ ಕಥೆಯಲ್ಲಿ ಈತನ ಮಗ ಗಾಳಿಪಟದ ದಾರಕ್ಕೆ ಸವರಿದ ವಿಷದಿಂದ ಸತ್ತಿದ್ದಾನೆ. ಅಪ್ಪ ಆ ವೇಷ ಹಾಕುವುದು ಅದಕ್ಕೇ. ವೇಷ ಈಗಲೂ ನಗೆ ತರಿಸುತ್ತದೆ, ಕಾರಣ ತಿಳಿದ ಮೇಲೂ. ಅದೇ ವರ್ಷ ಕಿಂಗ್ ಮತ್ತು ಲೀ ವೀಕ್ಸ್ ತಂದ ‘ಬ್ಯಾಟ್‌ಮನ್/ಎಲ್ಮರ್ ಫಡ್’ ವಿಶೇಷ ಸಂಚಿಕೆಯಲ್ಲಿ ಲೂನಿ ಟ್ಯೂನ್ಸ್‌ನ ಪ್ರಾಣಿಗಳು ಮನುಷ್ಯರೂಪದಲ್ಲಿ ಮಬ್ಬುಗತ್ತಲ ಹೆಂಡದಂಗಡಿಯಲ್ಲಿ ಕೂತಿರುತ್ತವೆ. ಎಲ್ಮರ್‌ನ ತೊದಲು ಉಚ್ಚಾರ ಹಾಗೇ ಇದೆ, ಆದರೆ ಅವನು ಪ್ರೇಯಸಿಯ ಸಾವಿಗೆ ಸೇಡು ತೀರಿಸಿಕೊಳ್ಳಲು ಕೋವಿ ಹಿಡಿದು ಬಂದವನು. ಅದೇ ಸಂಚಿಕೆಯ ಕೊನೆಯಲ್ಲಿ ಇದೇ ಪಾತ್ರಗಳ ಶುದ್ಧ ಕಾರ್ಟೂನ್ ಕಥೆಯೊಂದಿದೆ.

ಜಸ್ಟಿಸ್ ಲೀಗ್‌ನ ಪ್ರಸಂಗ

ಗಾಢ ಧಾಟಿ ಉತ್ತುಂಗದಲ್ಲಿದ್ದ 1987ರಲ್ಲೇ ಕೀತ್ ಗಿಫನ್, ಜೆ.ಎಂ. ಡಿಮ್ಯಾಟೈಸ್ ಮತ್ತು ಚಿತ್ರಕಾರ ಕೆವಿನ್ ಮಗ್ವೈರ್ ಸೂಪರ್‌ಹೀರೋಗಳ ತಂಡವೊಂದರ ಕಥೆಯಾದ ‘ಜಸ್ಟಿಸ್ ಲೀಗ್’ ಅನ್ನು ಹಾಸ್ಯದ ಪತ್ರಿಕೆಯಾಗಿ ಆರಂಭಿಸಿದರು. ಅದರ 5ನೇ ಸಂಚಿಕೆಯಲ್ಲಿ ಜಗಳಗಂಟ ಗೈ ಗಾರ್ಡನರ್‌ನನ್ನು ಬ್ಯಾಟ್‌ಮನ್ ಒಂದೇ ಗುದ್ದಿಗೆ ಮಲಗಿಸುತ್ತಾನೆ. ಬ್ಯಾಟ್‌ಮನ್ ಇಲ್ಲಿ ಎಳ್ಳಷ್ಟೂ ಬದಲಾಗಿಲ್ಲ, ಸುತ್ತಲಿನವರು ಹಾಸ್ಯಗಾರರಾಗಿದ್ದಾರೆ. ಅವನ ಗಾಂಭೀರ್ಯವೇ ನಗೆಯ ಮೂಲ. ಬ್ಲೂ ಬೀಟಲ್ ಮತ್ತು ಬೂಸ್ಟರ್ ಗೋಲ್ಡ್ ಎಂಬ ಪೋಲಿ ಗೆಳೆಯರು ಈ ಪತ್ರಿಕೆಯಿಂದ ಜನಪ್ರಿಯರಾದರು.

ಈ ಪಾತ್ರಗಳ ಮುಂದಿನ ಗತಿ ಬೇರೆ. 2004ರ ‘ಐಡೆಂಟಿಟಿ ಕ್ರೈಸಿಸ್’ನಲ್ಲಿ ತಂಡದ ಇಲಾಂಗೇಟೆಡ್ ಮ್ಯಾನ್‌ನ ಹೆಂಡತಿ, ನಗುಮೊಗದ ಸೂ ಡಿಬ್ನಿ ಕೊಲೆಯಾದಳು. 2005ರಲ್ಲಿ ಬ್ಲೂ ಬೀಟಲ್‌ನನ್ನು ಹಾಸ್ಯದ ದಿನಗಳ ಸಂಗಾತಿ ಮ್ಯಾಕ್ಸ್‌ವೆಲ್ ಲಾರ್ಡ್‌ನೇ ಗುಂಡಿಟ್ಟು ಕೊಂದ. ಮಾರಿಸನ್ ಹಳೆಯ ಲಘುತ್ವಕ್ಕೆ ಹೊಸ ಅರ್ಥ ಸೇರಿಸಿದರೆ ಇವು ಅದನ್ನು ಆಘಾತದ ಬಂಡವಾಳವಾಗಿ ಬಳಸಿಕೊಂಡವು. ಓದುಗ ನಕ್ಕಿದ್ದಷ್ಟೇ ಸಾವಿನ ಬೆಲೆಯಾಯಿತು.

ಇತರ ಸರಣಿಗಳು

ಮಾರ್ವೆಲ್‌ನ ಸ್ಪೈಡರ್‌ಮ್ಯಾನ್‌ನಲ್ಲಿ ಹಾಸ್ಯ ನಾಯಕನ ಬಾಯಿಯಲ್ಲೇ ಇರುವುದರಿಂದ ಸಹಾಯಕನ ಅಗತ್ಯವಿಲ್ಲ. ಪ್ರೇಯಸಿ ಗ್ವೆನ್ ಸ್ಟೇಸಿಯ ಸಾವಿನಂಥ (1973) ಘಟನೆ ತಟ್ಟುವುದು ಆ ಮಾತು ನಿಂತಾಗ. ಮಿಲ್ಲರ್ ಬರೆದ ಕಾಲದಿಂದ ಬಹುಮಟ್ಟಿಗೆ ಕತ್ತಲಲ್ಲೇ ಇದ್ದ ‘ಡೇರ್‌ಡೆವಿಲ್’ಗೆ 2011ರಲ್ಲಿ ಮಾರ್ಕ್ ವೇಯ್ಡ್ ಬೆಳಕು ತಂದರು, ಆ ಗೆಲುವಿನ ಮುಖ ನಾಯಕ ತನ್ನ ಖಿನ್ನತೆಯ ವಿರುದ್ಧ ತಾನೇ ಆಯ್ದುಕೊಂಡದ್ದೆಂದು ಮುಂದೆ ತಿಳಿಯುತ್ತದೆ. ಕರ್ಟ್ ಬ್ಯೂಸಿಕ್ ಅವರ ‘ಆಸ್ಟ್ರೋ ಸಿಟಿ’ (1995), ವೇಯ್ಡ್ ಮತ್ತು ಅಲೆಕ್ಸ್ ರಾಸ್ ಅವರ ‘ಕಿಂಗ್‌ಡಮ್ ಕಮ್’ (1996) 1990ರ ದಶಕದ ಕ್ರೌರ್ಯಕ್ಕೆ ನೀಡಿದ ಉತ್ತರಗಳೆಂದು ಪರಿಗಣಿತವಾಗಿವೆ.

ವಿಮರ್ಶೆ

ಗಾಢ ಧಾಟಿಯ ವಿರುದ್ಧದ ಮುಖ್ಯ ಆಕ್ಷೇಪ, ಅದರ ಬೆಲೆಯನ್ನು ತೆರುವವರು ಗೌಣ ಪಾತ್ರಗಳು, ಅದರಲ್ಲೂ ಹೆಣ್ಣುಗಳು ಎಂಬುದು. ನಾಯಕನ ಕೋಪಕ್ಕೆ ಕಾರಣ ಒದಗಿಸಲೆಂದೇ ಕೊಲ್ಲಲ್ಪಟ್ಟ, ಅಂಗವಿಕಲಗೊಂಡ ಸ್ತ್ರೀ ಪಾತ್ರಗಳ ಪಟ್ಟಿಯನ್ನು ಗೇಲ್ ಸಿಮೋನ್ 1999ರಲ್ಲಿ ಪ್ರಕಟಿಸಿದರು. ‘ದಿ ಕಿಲ್ಲಿಂಗ್ ಜೋಕ್’ನಲ್ಲಿ ಪೊಲೀಸ್ ಆಯುಕ್ತರ ಮಗಳು ಬಾರ್ಬರಾ ಗಾರ್ಡನ್‌ಗೆ ಜೋಕರ್ ಗುಂಡು ಹೊಡೆದದ್ದು ಇದರ ಪ್ರಸಿದ್ಧ ಉದಾಹರಣೆ. ಅವಳನ್ನು ಗಾಲಿಕುರ್ಚಿಯಲ್ಲಿ ಕೂತೇ ಮಾಹಿತಿ ಕಲೆಹಾಕುವ ‘ಆರಕಲ್’ ಆಗಿ 1989ರಲ್ಲಿ ಮರುರೂಪಿಸಿದವರು ಕಿಮ್ ಯೇಲ್ ಮತ್ತು ಜಾನ್ ಆಸ್ಟ್ರಾಂಡರ್. ಲಘು ಧಾಟಿಯ ವಿರುದ್ಧದ ಆಕ್ಷೇಪ ಹಳೆಯದು: ಅಪಾಯವೇ ಇಲ್ಲದ ಕಡೆ ಸಾಹಸಕ್ಕೆ ಅರ್ಥವಿಲ್ಲ. ಸತ್ತವರೆಲ್ಲ ಮರಳಿ ಬರುವ ಸರಣಿಯಲ್ಲಿ ಈ ಆಕ್ಷೇಪ ಗಾಢ ಧಾಟಿಗೂ ಅಷ್ಟೇ ಅನ್ವಯಿಸುತ್ತದೆ. ಜೇಸನ್ ಟಾಡ್ ಕೂಡ 2005ರಲ್ಲಿ ಮರಳಿ ಬಂದ.

ಸದ್ಯದ ಸ್ಥಿತಿ

2011ರಲ್ಲಿ ಡಿಸಿ ಸಂಸ್ಥೆ ಕಾಮಿಕ್ಸ್ ಕೋಡ್ ಅನ್ನು ಕೈಬಿಟ್ಟಿತು. ವಯೋಮಾನದ ಸೂಚನೆ ಮಾತ್ರ ಉಳಿಯಿತು. 2018ರಲ್ಲಿ ಆರಂಭವಾದ ‘ಬ್ಲ್ಯಾಕ್ ಲೇಬಲ್’ ಮುದ್ರೆ ವಯಸ್ಕರ ಕಥೆಗಳಿಗೆ ಪ್ರತ್ಯೇಕ ಜಾಗ ಒದಗಿಸಿದೆ. ಮುಖ್ಯ ನಿರಂತರತೆಯ ಹೊರಗೆ 2021ರಿಂದ ವೆಬ್‌ಟೂನ್ ವೇದಿಕೆಯಲ್ಲಿ ಬಂದ ‘ವೇನ್ ಫ್ಯಾಮಿಲಿ ಅಡ್ವೆಂಚರ್ಸ್’ ಬ್ರೂಸ್ ಮತ್ತು ಅವನ ಸಾಕುಮಕ್ಕಳ ಮನೆವಾರ್ತೆಯನ್ನು ಫೋನಿನಲ್ಲಿ ಓದುವ ಕಿರುಕಂತುಗಳಲ್ಲಿ ಹೇಳುತ್ತದೆ. ಜೇಸನ್ ಟಾಡ್‌ನ ಸಾವು ಅಲ್ಲೂ ಮರೆತಿಲ್ಲ, ಊಟದ ಮೇಜಿನ ಮಾತಿನಲ್ಲಿ ಬಂದುಹೋಗುವ ನೆನಪಾಗಿದೆ. ಸ್ಕಾಟ್ ಸ್ನೈಡರ್ ಮತ್ತು ನಿಕ್ ಡ್ರಗೋಟ 2024ರಲ್ಲಿ ಆರಂಭಿಸಿದ ‘ಆ್ಯಬ್ಸಲ್ಯೂಟ್ ಬ್ಯಾಟ್‌ಮನ್’ನಲ್ಲಿ ಬ್ರೂಸ್‌ಗೆ ಬಂಗಲೆಯಿಲ್ಲ, ಹಣವಿಲ್ಲ, ಅವನು ಶ್ರಮಿಕ ವರ್ಗದವನು, ಅವನ ತಾಯಿ ಬದುಕಿದ್ದಾಳೆ.